ಒಳಗೆ ಹೋಗೋಕಾದರೆ ಸಾಕಾ?

ನಮಸ್ಕಾರ. ಇವತ್ತಿನದು ನಾನು ಬಾಡಿಗೆಗೆ ನೋಡುತ್ತಿರುವ ಹನ್ನೊಂದನೇ ಮನೆ. ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ಕ್ಯಾಮೆರಾ ಹಿಡಿದಿರುವವನು ನನ್ನ ತಮ್ಮ, ಗೇಟಿನ ಮುಂದೆ ವೀಲ್‌ಚೇರಿನಲ್ಲಿ ಕೂತಿರುವವಳು ನಾನು. "ಗ್ರೌಂಡ್ ಫ್ಲೋರ್ ಮೇಡಂ, ನಿಮಗೆ ಹೇಳಿ ಮಾಡಿಸಿದ ಹಾಗಿದೆ" ಎಂದಿದ್ದರು ಬ್ರೋಕರ್. ನೋಡಿ, ಬಾಗಿಲಿಗೆ ಮೂರು ಮೆಟ್ಟಿಲು.

ಒಂದು ಮೆಟ್ಟಿಲು ಆರು ಇಂಚು ಎಂದರೂ ಮೂರಕ್ಕೆ 18 ಇಂಚು ಆಯಿತು. ವೀಲ್‌ಚೇರ್ ಹತ್ತುವ ಇಳಿಜಾರಿಗೆ 1:12 ಎಂಬ ಲೆಕ್ಕವಿದೆ, ಅಂದರೆ ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಹಾಗಾದರೆ ಇಲ್ಲಿ 18 ಅಡಿ ರ್‍ಯಾಂಪ್ ಬೇಕು. 30×40 ಸೈಟಿನಲ್ಲಿ ಗೇಟಿಗೂ ಬಾಗಿಲಿಗೂ ನಡುವೆ ಅಷ್ಟು ಜಾಗ ಎಲ್ಲಿರುತ್ತದೆ? ಇರುವಷ್ಟರಲ್ಲಿ ಸಂಪು, ಅದರ ಪಕ್ಕ ಸ್ಕೂಟರ್. ಚಿಕ್ಕ ಹಲಗೆ ಹಾಕಿ ಯಾರಾದರೂ ತಳ್ಳಿದರೆ ಆಯಿತಲ್ಲ ಎನ್ನುತ್ತಾರೆ, ಆದರೆ ಬೆಳಿಗ್ಗೆ ಹಾಲು ತರಲು ನಾನು ಒಬ್ಬಳೇ ಹೋಗಿ ಬರಬೇಕಲ್ವಾ?

ಹೋದ ವಾರ ವಿಜಯನಗರದಲ್ಲಿ ಒಂದು ಮನೆ ಸಿಕ್ಕಿತ್ತು, ಮೆಟ್ಟಿಲೇ ಇಲ್ಲ, ಸಲೀಸಾಗಿ ಒಳಗೆ ಹೋದೆ. ಆದರೆ ನಡುಮನೆಯಲ್ಲಿ ಮಧ್ಯಾಹ್ನವೂ ಟ್ಯೂಬ್‌ಲೈಟ್ ಹಾಕಬೇಕು. ಬೇಡ ಎಂದೆ. "ಒಳಗೆ ಹೋಗೋಕಾದರೆ ಸಾಕಲ್ವಾ ಮೇಡಂ, ಇನ್ನೇನು ಬೇಕು?" ಎಂದರು ಬ್ರೋಕರ್. ಒಳ್ಳೆಯ ಮನುಷ್ಯ, ಬೇಜಾರು ಮಾಡಲು ಹೇಳಿದ್ದಲ್ಲ. ಆದರೂ ಆ ಮಾತು ನನಗೆ ಚುಚ್ಚಿತು.

ನಾನು ಮೈಸೂರು ಶೈಲಿಯ ಚಿತ್ರ ಬರೆಯುವವಳು. 2005ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಎಂಬ ಅಧಿಕೃತ ಗುರುತು, ಸಿಕ್ಕ ಕಲೆ ಇದು. ಬಿಳಿ ಪುಡಿಯನ್ನು ಗೋಂದಿನಲ್ಲಿ ಕಲಸಿ, ಒಡವೆ, ಸೀರೆಯ ಅಂಚು, ಕಂಬದ ಮೇಲೆಲ್ಲ ಸಣ್ಣ ಉಬ್ಬು ಗೆರೆ ಎಳೆಯುತ್ತೇವೆ, ಗೆಸ್ಸೊ ಕೆಲಸ ಅಂದರೆ ಇದೇ. ತಂಜಾವೂರಿನದರಷ್ಟು ದಪ್ಪ ಇರುವುದಿಲ್ಲ, ತುಂಬ ತೆಳು. ಹಾಗಾಗಿ ಬೆಳಕು ಪಕ್ಕದಿಂದ ಬಿದ್ದರೇನೇ ಗೆರೆ ಎಲ್ಲಿ ಎದ್ದಿದೆ, ಎಲ್ಲಿ ಕೂತಿದೆ ಎಂದು ಕಾಣುವುದು. ಅದರ ಮೇಲೆ ಚಿನ್ನದ ರೇಕು ಅಂಟಿಸುವಾಗ ಫ್ಯಾನ್ ಹಾಕುವ ಹಾಗಿಲ್ಲ, ಉಸಿರು ಬಿಟ್ಟರೂ ಹಾರುತ್ತದೆ. ಫ್ಯಾನ್ ಇಲ್ಲದೆ ಎರಡು ಗಂಟೆ ಕೂರುವಷ್ಟು ತಂಪಾದ ಕೋಣೆ, ಎಡಗಡೆ ಒಂದು ಕಿಟಕಿ. ನಾನು ಕೇಳುತ್ತಿರುವುದು ಇಷ್ಟೇ. ಇದು ಶೋಕಿ ಅಲ್ಲ, ನನ್ನ ಅನ್ನ.

ಈಗ ಕೃಷ್ಣಮೂರ್ತಿಪುರಂಗೆ ಬಂದೆವು. ಹನ್ನೆರಡನೆಯದು. ಹಳೇ ಹೆಂಚಿನ ಮನೆ, ಕೆಂಪು ಗಾರೆ ನೆಲ, ಚಕ್ರ ಎಷ್ಟು ಹಗುರವಾಗಿ ಉರುಳುತ್ತಿದೆ ನೋಡಿ! ಜಗಲಿಗೆ ಒಂದೇ ಮೆಟ್ಟಿಲು, ಆರಡಿ ರ್‍ಯಾಂಪಿಗೆ ಪಕ್ಕದಲ್ಲಿ ಜಾಗವಿದೆ. ಹೊಸ್ತಿಲು ಮಾತ್ರ ನಾಲ್ಕು ಇಂಚು. ಕತ್ತರಿಸಿ ಎಂದು ಕೇಳಲು ನನಗೇ ಮನಸ್ಸಿಲ್ಲ, ಮನೆಯ ಅಜ್ಜಿ ಬೆಳಿಗ್ಗೆ ಅದಕ್ಕೆ ಅರಿಶಿನ ಕುಂಕುಮ ಇಟ್ಟಿದ್ದರು. ಎರಡೂ ಕಡೆ ಮರದ ಇಳಿಜಾರು ಇಡಬಹುದೇ ಎಂದೆ. "ಎತ್ತಿಡೋ ಹಾಗಿರಲಮ್ಮ, ಶುಕ್ರವಾರ ಪೂಜೆ ಮಾಡಬೇಕು" ಎಂದರು.

ಆಮೇಲೆ ಒಳಕೋಣೆ. ಕಿಟಕಿ ಉತ್ತರಕ್ಕಿದೆ, ಕೂತವರ ಕಣ್ಣಿನ ಮಟ್ಟಕ್ಕೇ ಇದೆ. ತಮ್ಮ ಇಲ್ಲಿ ಜಾಸ್ತಿ ಹೊತ್ತು ಶೂಟ್ ಮಾಡಿದ್ದಾನೆ, ನಾನೇ ಹೇಳಿದ್ದು. ಆ ಬೆಳಕಿನಲ್ಲಿ ಕೈ ಚಾಚಿ ಸುಮ್ನೆ ಕೂತುಬಿಟ್ಟೆ.

ಕಷ್ಟ ಇರುವುದು ಬಚ್ಚಲುಮನೆಯಲ್ಲಿ. ಬಾಗಿಲು 24 ಇಂಚು, ನನ್ನ ವೀಲ್‌ಚೇರ್ 25. ಅಂಗವಿಕಲರಿಗೂ ಅನುಕೂಲವಾಗುವಂತೆ ಕಟ್ಟಡ ಹೇಗಿರಬೇಕು ಎಂಬ ಸರ್ಕಾರದ 2021ರ ಮಾರ್ಗಸೂಚಿ, ಬಾಗಿಲು 900 ಮಿಲಿಮೀಟರ್ ಇರಬೇಕು ಎನ್ನುತ್ತದೆ, ಅಂದರೆ 35 ಇಂಚು. ಹಳೇ ಮನೆಗಳಲ್ಲಿ ಅಷ್ಟು ಅಗಲದ ಬಚ್ಚಲ ಬಾಗಿಲು ನಾನು ಒಂದೂ ನೋಡಿಲ್ಲ. ನನಗೆ 28 ಸಿಕ್ಕರೂ ಕೈಬೆರಳು ತರಚದೆ ಒಳಗೆ ಹೋಗುತ್ತೇನೆ.

ಸೋಮವಾರ ಬಡಗಿ ಬಂದು ಚೌಕಟ್ಟು ಬಿಚ್ಚಿದರೆ ಎಷ್ಟು ಸಿಗುತ್ತದೆ ಎಂದು ಅಳೆಯುತ್ತಾರೆ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ. ಅಲ್ಲಿಯವರೆಗೆ ಬೇರೆ ಯಾರಿಗೂ ಮನೆ ತೋರಿಸುವುದಿಲ್ಲ ಎಂದು ಅಜ್ಜಿ ಹೇಳಿದ್ದಾರೆ.