ಮಡಿಕೆಯಿಂದ ಶುರುವಾಗುವ ಶುಭಾಶಯ

ಕೇಳುಗರೆಲ್ಲರಿಗೂ ನಮಸ್ಕಾರ.

ಇನ್ನು ಕೆಲವೇ ವಾರಗಳಲ್ಲಿ ನಮ್ಮ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುತ್ತದೆ, ಅದರ ಜೊತೆಜೊತೆಗೇ ದೀಪಾವಳಿಯೂ ಬರುತ್ತದೆ. ದೂರದ ಊರಿನಲ್ಲಿರುವ ಅಣ್ಣನಿಗೋ, ಮದುವೆಯಾಗಿ ಹೋದ ಗೆಳತಿಗೋ, ಅಕ್ಷರ ಕಲಿಸಿದ ಮೇಷ್ಟ್ರಿಗೋ ಒಂದು ಶುಭಾಶಯ ಪತ್ರವನ್ನು ಕೈಯಾರೆ ಮಾಡಿ ಕಳಿಸಬೇಕೆಂಬ ಆಸೆಯುಳ್ಳವರಿಗಾಗಿ ಈ ಮಾತುಗಳನ್ನು ಬರೆದುಕೊಂಡು ಬಂದಿದ್ದೇನೆ. ಹಲವು ವರ್ಷಗಳಿಂದ ಮಕ್ಕಳಿಗೆ ಕಾಗದದ ಕೆಲಸ ಹೇಳಿಕೊಡುತ್ತಿರುವ ನನಗೆ ಕೈಯಿಂದ ತೋರಿಸಿಯೇ ಅಭ್ಯಾಸ. ಬಾನುಲಿಯಲ್ಲಿ ಅದು ಆಗದ ಮಾತಾದ್ದರಿಂದ ನಿಮ್ಮ ಕೈಗಳನ್ನೇ ಸ್ವಲ್ಪ ಹೊತ್ತು ಎರವಲು ಕೇಳುತ್ತೇನೆ. ಮನೆಯಲ್ಲಿ ಜೆರಾಕ್ಸ್ ಅಂಗಡಿಯ ಎ4 ಹಾಳೆಯೊಂದಿದ್ದರೆ ದಯವಿಟ್ಟು ತೆಗೆದುಕೊಳ್ಳಿ.

ಹಾಳೆಯ ಗಿಡ್ಡ ಅಂಚಿನ ಮೇಲೆ ಇನ್ನೊಂದು ಗಿಡ್ಡ ಅಂಚು ಸರಿಯಾಗಿ ಕೂರುವಂತೆ ತನ್ನಿ. ಮೂಲೆಗಳು ಕೂಡಿದ ಮೇಲೆ ಅವನ್ನು ಒಂದು ಕೈಯಿಂದ ಒತ್ತಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಮಡಿಕೆಯ ನಟ್ಟನಡುವೆ ಮೊದಲು ಒತ್ತಿ, ಅಲ್ಲಿಂದ ಎಡಕ್ಕೂ ಬಲಕ್ಕೂ ಸವರಿಕೊಂಡು ಹೋಗಿ. ಒಂದು ತುದಿಯಿಂದ ಶುರುಮಾಡಿ ಇನ್ನೊಂದು ತುದಿಗೆ ಎಳೆದುಕೊಂಡು ಹೋದರೆ ಹಾಳೆ ಒಂದು ನೂಲಿನಷ್ಟು ಜಾರುತ್ತದೆ, ಆ ಜಾರಿದ ನೂಲು ಕೊನೆಯವರೆಗೂ ಕಾಡುತ್ತದೆ. ಮಡಚಿದ ಹಾಳೆಯನ್ನು ಒಂದು ದಪ್ಪ ಪುಸ್ತಕದ ಕೆಳಗಿಡಿ, ಮಾತು ಮುಗಿಯುವ ಹೊತ್ತಿಗೆ ಅದು ಬೇಕಾಗುತ್ತದೆ.

ಶುಭಾಶಯ ಪತ್ರ ಎಂದಕೂಡಲೇ ನಮ್ಮ ಮಕ್ಕಳ ಕೈ ಮಿನುಗುಪುಡಿಯ ಡಬ್ಬಿಗೆ ಹೋಗುತ್ತದೆ. ದೊಡ್ಡವರೂ ಅಂಗಡಿಗೆ ಹೋಗಿ ಸ್ಟಿಕ್ಕರು, ಲೇಸು, ಚಿನ್ನದ ಬಣ್ಣದ ಪೆನ್ನು ತರುತ್ತಾರೆ. ನಾನು ಮಾತ್ರ ಮೊದಲು ಮಡಚಿ ಎನ್ನುತ್ತೇನೆ. ಪತ್ರಕ್ಕೆ ಎಷ್ಟು ಮುಖ, ಯಾವುದು ಮೊದಲು ತೆರೆದುಕೊಳ್ಳಬೇಕು, ಕಣ್ಣು ಎಲ್ಲಿ ನಿಲ್ಲಬೇಕು, ಬರವಣಿಗೆಗೆ ಎಲ್ಲಿ ಜಾಗ ಎಂಬುದನ್ನೆಲ್ಲ ಮಡಿಕೆಯೇ ತೀರ್ಮಾನಿಸುತ್ತದೆ. ಸ್ಕೇಲು ಇಲ್ಲದ ಮನೆಯಲ್ಲಿ ಅಳತೆಗೋಲೂ ಅದೇ.

ಎ4 ಹಾಳೆಯ ಗುಣವೇ ಇದಕ್ಕೆ ಸಾಕ್ಷಿ. ಅದರ ಅಗಲ 210 ಮಿಲಿಮೀಟರ್, ಉದ್ದ 297. ಅರ್ಧಕ್ಕೆ ಮಡಚಿದರೆ 148ಕ್ಕೆ 210, ಇನ್ನೊಮ್ಮೆ ಮಡಚಿದರೆ 105ಕ್ಕೆ 148. ಎಷ್ಟು ಸಲ ಅರ್ಧ ಮಾಡಿದರೂ ಉದ್ದ ಮತ್ತು ಅಗಲಗಳ ಅನುಪಾತ ಒಂದೇ ಆಗಿ ಉಳಿಯುತ್ತದೆ. ಈ ಅನುಪಾತದ ಚೆಲುವನ್ನು ಜರ್ಮನಿಯ ವಿಜ್ಞಾನಿ ಲಿಷ್ಟೆನ್‌ಬರ್ಗ್ 1786ರಷ್ಟು ಹಿಂದೆಯೇ ಒಂದು ಪತ್ರದಲ್ಲಿ ವಿವರಿಸಿದ್ದರು. ಫುಲ್‌ಸ್ಕೇಪ್ ಹಾಳೆಗೆ ಈ ಗುಣವಿಲ್ಲ, ಅದನ್ನು ಅರ್ಧ ಮಾಡಿದರೆ ಗಿಡ್ಡಗೆ, ಚೌಕಕ್ಕೆ ಹತ್ತಿರವಾಗಿ ಕಾಣುತ್ತದೆ. ಆದ್ದರಿಂದ ಹೊಸದಾಗಿ ಕಲಿಯುವವರು ಎ4 ಅಳತೆಯಿಂದಲೇ ಆರಂಭಿಸುವುದು ಒಳ್ಳೆಯದು.

ಇನ್ನು ಕಾಗದದ ದಪ್ಪ. ಜೆರಾಕ್ಸ್ ಹಾಳೆ ಒಂದು ಚದರ ಮೀಟರಿಗೆ ಸುಮಾರು 80 ಗ್ರಾಂ ತೂಗುತ್ತದೆ, ಒಮ್ಮೆ ಮಡಚಿದ ಪತ್ರ ನೆಟ್ಟಗೆ ನಿಲ್ಲಬೇಕಾದರೆ 200ರಿಂದ 250 ಗ್ರಾಮಿನ ಹಾಳೆ ಬೇಕು. ಅಂಗಡಿಯಲ್ಲಿ ಈ ತೂಕವನ್ನೇ ಜಿಎಸ್ಎಂ ಎನ್ನುತ್ತಾರೆ, ಇಷ್ಟು ಜಿಎಸ್ಎಂ ಎಂದು ಕೇಳಿದರೆ ಕೊಡುತ್ತಾರೆ. ಕೊಳ್ಳದೆಯೂ ಮಾಡಬಹುದು, ನಮ್ಮ ಮನೆಗಳಲ್ಲಿ ವರ್ಷವಿಡೀ ಸೇರುವ ಲಗ್ನಪತ್ರಿಕೆಗಳ ಖಾಲಿ ಬೆನ್ನು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಮಂದ ಹಾಳೆಯ ವಿಷಯದಲ್ಲಿ ನಾನು ಪೆಟ್ಟು ತಿಂದು ಕಲಿತ ಪಾಠವೊಂದಿದೆ. ನಮ್ಮ ಅಣ್ಣನ ಮನೆಯ ಗೃಹಪ್ರವೇಶಕ್ಕೆಂದು ಕಡುಗೆಂಪು ಬಣ್ಣದ ಹಾಳೆ ತಂದು 40 ಪತ್ರ ಮಾಡಿದ್ದೆ. ರಾತ್ರಿ ಕೂತು ಎಲ್ಲವನ್ನೂ ಮಡಚಿ ಬೆಳಗ್ಗೆ ನೋಡಿದರೆ ಪ್ರತಿಯೊಂದರ ಬೆನ್ನಿನ ಮೇಲೂ ಬಣ್ಣ ಒಡೆದು, ಒಳಗಿನ ಬಿಳಿ ನಾರು ಹಲ್ಲುಹಲ್ಲಾಗಿ ಎದ್ದಿತ್ತು. ಕಾರಣ ತಿಳಿದದ್ದು ಆಮೇಲೆ. ಕಾಗದ ತಯಾರಾಗುವ ಯಂತ್ರದಲ್ಲಿ ತಿರುಳು ಹರಿಯುವ ಕಡೆಗೇ ಹೆಚ್ಚಿನ ನಾರುಗಳು ಮುಖಮಾಡಿ ಮಲಗುತ್ತವೆ, ಇದನ್ನು ಮುದ್ರಣಾಲಯದವರು ಗ್ರೈನ್ ಎನ್ನುತ್ತಾರೆ. ನಾರಿನ ದಿಕ್ಕಿಗೆ ಮಡಚಿದರೆ ಹಾಳೆ ಮೃದುವಾಗಿ ಬಗ್ಗುತ್ತದೆ, ಅದಕ್ಕೆ ಅಡ್ಡಲಾಗಿ ಮಡಚಿದರೆ ನಾರು ಮುರಿಯುತ್ತದೆ. ನಾನು ನಲವತ್ತನ್ನೂ ಅಡ್ಡಲಾಗಿ ಮಡಚಿದ್ದೆ. ದಿಕ್ಕನ್ನು ತಿಳಿಯುವುದು ಕಷ್ಟವಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು, ಮಡಿಕೆ ಬೀಳದಷ್ಟು ಮೆಲ್ಲಗೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಬಗ್ಗಿಸಿ ಅಂಗೈಯಿಂದ ಒತ್ತಿ ನೋಡಿದರೆ ಒಂದು ಕಡೆ ಹಾಳೆ ಸುಮ್ಮನೆ ಒಪ್ಪಿಕೊಳ್ಳುತ್ತದೆ, ಇನ್ನೊಂದು ಕಡೆ ಸ್ಪ್ರಿಂಗಿನಂತೆ ಅಂಗೈಯನ್ನು ಹಿಂದಕ್ಕೆ ತಳ್ಳುತ್ತದೆ. ಒಪ್ಪಿಕೊಂಡ ಕಡೆಗೇ ಮಡಚಬೇಕು.

ಅದಕ್ಕೂ ಮೊದಲು ಮಡಚುವ ಜಾಗದಲ್ಲಿ ಒಂದು ಗೀರು ಹಾಕಬೇಕು. ಇಂಕು ಮುಗಿದ ಬಾಲ್‌ಪೆನ್ನು ಸಾಕು. ಹಾಳೆಯ ಕೆಳಗೆ ಹಳೆಯ ಪತ್ರಿಕೆಯನ್ನು ನಾಲ್ಕು ಮಡಿಕೆಯಾಗಿ ಹಾಸಿ, ಸ್ಕೇಲಿನ ಪಕ್ಕಕ್ಕೆ ಪೆನ್ನಿಟ್ಟು ಹಾಳೆ ಹರಿಯದಂತೆ ಎರಡು ಸಲ ಎಳೆಯಿರಿ. ಒಂದು ಕಡೆ ಹಳ್ಳ ಬೀಳುತ್ತದೆ, ಅದರ ಬೆನ್ನಿಗೆ ಸಣ್ಣ ಉಬ್ಬು ಏಳುತ್ತದೆ. ಬಹಳ ಮಂದಿ ಹಳ್ಳದೊಳಕ್ಕೆ ಮಡಚುತ್ತಾರೆ, ನೋಡುವುದಕ್ಕೂ ಹಾಗೆಯೇ ಸರಿ ಎನಿಸುತ್ತದೆ. ಆದರೆ ಹಳ್ಳ ಹೊರಗೆ, ಉಬ್ಬು ಒಳಗೆ ಬರುವಂತೆ ಮಡಚಿದರೆ ಹೊರಮೈಯ ಮೇಲೆ ಎಳೆತ ಕಡಿಮೆಯಾಗಿ ಬಣ್ಣ ಒಡೆಯುವುದಿಲ್ಲ.

ಮಂದ ಹಾಳೆಯೇ ಇಲ್ಲದವರಿಗೆ ನಾಲ್ಕು ಮಡಿಕೆಯ ಪತ್ರವಿದೆ, ನನಗೆ ಬಹಳ ಇಷ್ಟವಾದದ್ದು ಅದೇ. ತೆಳು ಎ4 ಹಾಳೆಯನ್ನು ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿದರೆ ಮುಖಪುಟವೂ ಒಳಪುಟವೂ ಎರಡೆರಡು ಪದರವಾಗಿ ಗಟ್ಟಿಯಾಗುತ್ತವೆ, ಇಂಕು ಇನ್ನೊಂದು ಪುಟಕ್ಕೆ ಕಾಣಿಸುವುದಿಲ್ಲ, ಇಡೀ ಪತ್ರವನ್ನು ಹಾಳೆಯ ಒಂದೇ ಮೈಯ ಮೇಲೆ ಬರೆದು ಮುಗಿಸಬಹುದು. ಎಚ್ಚರವಿರಬೇಕಾದ್ದು ಒಂದೇ ಕಡೆ. ಹಾಳೆ ಬಿಡಿಸಿದಾಗ ಒಳಪುಟಗಳು ಮುಖಪುಟಕ್ಕೆ ತಲೆಕೆಳಗಾಗಿರುತ್ತವೆ. ಮೊದಲು ಮಡಚಿಕೊಂಡು ಕಾಣುವ ನಾಲ್ಕು ಮುಖಗಳ ಮೇಲೂ ಪೆನ್ಸಿಲಿನಿಂದ ಒಂದು, ಎರಡು, ಮೂರು, ನಾಲ್ಕು ಎಂದು ನೆಟ್ಟಗೆ ಬರೆದು ಆಮೇಲೆ ಬಿಡಿಸಿದರೆ, ಯಾವ ಮುಖದ ತಲೆ ಯಾವ ಕಡೆಗೆಂದು ಅಂಕಿಗಳೇ ಹೇಳುತ್ತವೆ.

ಬಾಗಿಲಿನಂತೆ ಎರಡೂ ಕಡೆಯಿಂದ ತೆರೆದುಕೊಳ್ಳುವ ಮಡಿಕೆಗೂ ನಡುಗೆರೆಯೇ ಆಧಾರ. ನಡುವನ್ನು ಚಿವುಟಿ ಗುರುತಿಸಿಕೊಂಡು ಎರಡೂ ಅಂಚುಗಳನ್ನು ಅದರತ್ತ ತರಬೇಕು, ಗೆರೆಗೆ ಒಂದು ಮಿಲಿಮೀಟರ್ ಹಿಂದೆಯೇ ನಿಲ್ಲಿಸಬೇಕು. ಪೂರ್ತಿ ತಾಗಿಸಿದರೆ ಮುಚ್ಚುವಾಗ ಬಾಗಿಲುಗಳು ಒಂದರ ಮೇಲೊಂದು ಏರುತ್ತವೆ.

ಈಗ ಮುಖಪುಟದ ಜೋಡಣೆ. ಇದಕ್ಕೂ ಬೇರೆ ಕಚ್ಚಾ ಹಾಳೆಯೊಂದನ್ನು ಅದೇ ಅಳತೆಗೆ ಕತ್ತರಿಸಿ, ಅಡ್ಡಕ್ಕೆ ಮೂರು ಪಾಲಾಗಿ ಮಡಚಿ ಬಿಡಿಸಿಟ್ಟುಕೊಳ್ಳಿ. ಚಿತ್ರವನ್ನು ನಟ್ಟನಡುವೆ ಇಟ್ಟರೆ ಅದು ಕೆಳಗೆ ಜಾರಿದಂತೆ ಕಣ್ಣಿಗೆ ತೋರುತ್ತದೆ, ಮೇಲಿನ ಮಡಿಕೆಯ ಕಡೆಗೆ ಸ್ವಲ್ಪ ಎತ್ತಿ ಇಟ್ಟರೆ ನೆಮ್ಮದಿಯಾಗಿ ಕೂರುತ್ತದೆ. ಒಂದು ಮುಖಕ್ಕೆ ಒಂದೇ ಚಿತ್ರ, ಉಳಿದದ್ದು ಖಾಲಿ ಇರಲಿ. ಲಂಡನ್ನಿನಲ್ಲಿ ಹೆನ್ರಿ ಕೋಲ್ ಎಂಬವರು 1843ರಲ್ಲಿ ಚಿತ್ರಕಾರ ಹಾರ್ಸ್‌ಲಿಯವರಿಂದ ಬರೆಸಿ ಅಚ್ಚು ಹಾಕಿಸಿದ, ಮೊದಲನೆಯದೆಂದು ಹೇಳಲಾಗುವ ಕ್ರಿಸ್‌ಮಸ್ ಕಾರ್ಡಿನಲ್ಲೂ ಮೂರು ಪಾಲಿನ ಜೋಡಣೆಯೇ ಇತ್ತು. ನಡುವೆ ಹಬ್ಬದೂಟಕ್ಕೆ ಕೂತ ಕುಟುಂಬ, ಅಕ್ಕಪಕ್ಕ ಬಡವರಿಗೆ ಅನ್ನವನ್ನೂ ಬಟ್ಟೆಯನ್ನೂ ಕೊಡುವ ದೃಶ್ಯ. ಅಚ್ಚಾದ ಕಾರ್ಡಾದರೂ ಯಾರಿಂದ, ಯಾರಿಗೆ ಎಂದು ಕೈಯಿಂದ ಬರೆಯುವುದಕ್ಕೆ ಜಾಗ ಬಿಟ್ಟಿದ್ದರು.

ಅಕ್ಷರಗಳ ವಿಷಯಕ್ಕೆ ಬಂದರೆ ನಮ್ಮ ಕನ್ನಡಕ್ಕೆ ಅದರದೇ ಲೆಕ್ಕವಿದೆ. ಇಂಗ್ಲಿಷ್ ಕಾರ್ಡುಗಳನ್ನು ನೋಡಿ ಅಕ್ಷರಗಳನ್ನು ಕೆಳಗೆರೆಯ ಮೇಲೆ ನಿಲ್ಲಿಸಲು ಹೊರಟರೆ ಸಾಲು ಅಂಕುಡೊಂಕಾಗುತ್ತದೆ, ಏಕೆಂದರೆ ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ತಲೆಕಟ್ಟುಗಳು ಮಾತ್ರ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ಆದ್ದರಿಂದ ಪೆನ್ಸಿಲ್ ಗೆರೆಯನ್ನು ಮೇಲುಗಡೆ ಎಳೆದು, ಹಗ್ಗಕ್ಕೆ ತೋರಣದ ಎಲೆ ಕಟ್ಟಿದಂತೆ ಅಕ್ಷರಗಳನ್ನು ಅದಕ್ಕೆ ತೂಗುಹಾಕಬೇಕು. ದೀಪಾವಳಿಯ ಶುಭಾಶಯಗಳು ಎಂಬಲ್ಲಿ ಒಂದೂ ಒತ್ತಿಲ್ಲ, ಯುಗಾದಿಯ ಶುಭಾಶಯಗಳು ಎಂಬಲ್ಲಿಯೂ ಇಲ್ಲ, ಎರಡು ಸಾಲನ್ನು ಹತ್ತಿರ ಹತ್ತಿರ ತಂದರೂ ಚೆನ್ನಾಗಿರುತ್ತದೆ. ಹುಟ್ಟುಹಬ್ಬ ಎಂದು ಬರೆದಿರೋ, ಟಕಾರದ ಒತ್ತು, ಬಕಾರದ ಒತ್ತು ಎರಡೂ ಕೆಳಗೆ ಕಾಲು ಚಾಚುತ್ತವೆ. ಅವುಗಳಿಗೆ ಅಕ್ಷರದ ಅರ್ಧದಷ್ಟಾದರೂ ಎತ್ತರದ ಜಾಗವನ್ನು ಮೊದಲೇ ಬಿಟ್ಟಿರದಿದ್ದರೆ ಕೆಳಗಿನ ಸಾಲಿನ ಗುಡಿಸು, ದೀರ್ಘಗಳಿಗೆ ತಾಗುತ್ತವೆ. ಸಾಲನ್ನು ನಡುವಿಗೆ ತರುವುದಕ್ಕೂ ಮಡಿಕೆಯೇ ದಾರಿ. ಒಂದು ಪಟ್ಟಿಯ ಮೇಲೆ ಅದೇ ಗಾತ್ರದಲ್ಲಿ ಬರೆದು, ಅಕ್ಷರಗಳ ಎರಡು ತುದಿಗಳನ್ನು ಕೂಡಿಸಿ ಪಟ್ಟಿಯನ್ನು ಮಡಚಿದರೆ ಸಾಲಿನ ನಡು ಸಿಗುತ್ತದೆ. ಅದನ್ನು ಪತ್ರದ ನಡುಗೆರೆಗೆ ಹೊಂದಿಸಿ ಮೊದಲ ಅಕ್ಷರದ ಜಾಗಕ್ಕೆ ಚುಕ್ಕೆ ಇಡಿ.

ಚಿತ್ರ ಬರೆಯಲು ಬರುವುದಿಲ್ಲ ಎನ್ನುವವರಿಗೆ ನಮ್ಮ ಜಿಲ್ಲೆಯೇ ಚಿತ್ರ ಕೊಟ್ಟಿದೆ. ಹಳೇಬೀಡಿನಲ್ಲಿ ಜಗತಿಯ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ, ಅಂಚು ಹಿಡಿದು ನಡೆದವರಿಗೆ ಗೋಡೆ ನಕ್ಷತ್ರದಂತೆ ಮತ್ತೆಮತ್ತೆ ಮೂಲೆ ತಿರುಗುವುದು ಗೊತ್ತಿದೆ. ಒಂದೇ ನಡುಬಿಂದುವಿನ ಸುತ್ತ ಚೌಕವನ್ನು ತಿರುಗಿಸುತ್ತ ಹೋದರೆ ಅಂಥ ನಕ್ಷತ್ರ ಮೂಡುತ್ತದೆ. 4 ಸೆಂಟಿಮೀಟರಿನ ನಾಲ್ಕು ಚೌಕಗಳನ್ನು ಕತ್ತರಿಸಿ, ಮಡಚಿ ಪ್ರತಿಯೊಂದರ ನಡು ಗುರುತಿಸಿ, ಗುಂಡುಸೂಜಿಯೊಂದನ್ನು ನಾಲ್ಕರ ನಡುವೆಯೂ ಚುಚ್ಚಿ. ಎರಡನೆಯ ಚೌಕದ ಮೂಲೆಗಳು ಮೊದಲನೆಯದರ ಬದಿಗಳ ನಡುವಿಗೆ ಬರುವಂತೆ ತಿರುಗಿಸಿ. ಮೂರನೆಯದು, ನಾಲ್ಕನೆಯದು ಆ ಎಂಟು ಮೂಲೆಗಳ ನಡುನಡುವೆ ಬರಲಿ. ಅಂಟಿಸಿ ಸೂಜಿ ತೆಗೆದರೆ ಹದಿನಾರು ಮೂಲೆಯ ನಕ್ಷತ್ರ. ಕಡುಬಣ್ಣದಿಂದ ತಿಳಿಬಣ್ಣಕ್ಕೆ ಹೋಗುವ ನಾಲ್ಕು ಹಾಳೆಗಳನ್ನು ಬಳಸಿದರೆ ಕಲ್ಲಿನ ಪದರಗಳ ನೆನಪಾಗುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ತೋಟದ ಸಿಲ್ವರ್ ಓಕ್ ಎಲೆಯೂ ಇದೆ. ಪುಸ್ತಕದಲ್ಲಿ ಎರಡು ವಾರ ಒತ್ತಿಟ್ಟ ಎಲೆಯ ಬೆಳ್ಳಿಯ ಬೆನ್ನನ್ನು ಮೇಲುಮಾಡಿ ಕಪ್ಪು ಹಾಳೆಗೆ ಅಂಟಿಸಿದರೆ ಬೇರೇನೂ ಬೇಕಾಗುವುದಿಲ್ಲ. ಕಾಫಿಬೀಜ, ಮಣಿ, ಗುಂಡಿಗಳನ್ನು ಅಂಟಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ, ಅಂಚೆಯ ಮುದ್ರೆಯ ಪೆಟ್ಟು ಬಿದ್ದಾಗ ಅವು ಲಕೋಟೆಯನ್ನೇ ಹರಿಯುತ್ತವೆ.

ದೀಪಾವಳಿಗೆಂದು ಎದ್ದು ನಿಲ್ಲುವ ದೀಪವೊಂದನ್ನು ಹೇಳಿಬಿಡುತ್ತೇನೆ. ಎ4 ಹಾಳೆಯ ಅರ್ಧವನ್ನು ಮತ್ತೆ ಅರ್ಧಕ್ಕೆ ಮಡಚಿ. ಮಡಿಕೆಯ ಅಂಚಿನಿಂದ ಒಳಕ್ಕೆ 3 ಸೆಂಟಿಮೀಟರ್ ಉದ್ದದ ಎರಡು ನೇರ ಕತ್ತರಿ ಹೊಡೆತ, ಅವುಗಳ ನಡುವೆ 2 ಸೆಂಟಿಮೀಟರ್ ಅಂತರ. ಆ ಪಟ್ಟಿಯನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಮಡಚಿ ಸಡಿಲಿಸಿ, ಪತ್ರವನ್ನು ಅರ್ಧ ತೆರೆದು ಪಟ್ಟಿಯನ್ನು ಒಳಕ್ಕೆ ತಳ್ಳಿದರೆ ಪುಟ್ಟ ಮೆಟ್ಟಿಲೊಂದು ಏಳುತ್ತದೆ. ಮೆಟ್ಟಿಲಿನ ಎದುರುಮೈಗೆ ಕತ್ತರಿಸಿದ ದೀಪವನ್ನು ಅಂಟಿಸಬೇಕು. ದೀಪ ಎಷ್ಟು ಎತ್ತರ ಇರಬಹುದೆಂಬುದಕ್ಕೆ ಲೆಕ್ಕವಿದೆ. ಕತ್ತರಿಸಿದ ಗೆರೆಯ ಉದ್ದ ಮತ್ತು ದೀಪದ ಎತ್ತರ ಎರಡೂ ಸೇರಿ ಪುಟದ ಎತ್ತರವನ್ನು ಮೀರಬಾರದು, ಮೀರಿದರೆ ಮುಚ್ಚಿದಾಗ ಜ್ವಾಲೆಯ ತುದಿ ಹೊರಗೆ ಇಣುಕುತ್ತದೆ. ಇಲ್ಲಿ ಪುಟ ಹತ್ತೂವರೆ ಸೆಂಟಿಮೀಟರ್, ಗೆರೆ ಮೂರು, ಆದ್ದರಿಂದ ದೀಪ ಏಳರೊಳಗಿರಲಿ. ಹಿಂದೆ ಕಾಣುವ ತೂತನ್ನು ಮುಚ್ಚಲು ಅದೇ ಅಳತೆಯ ಹೊರಹಾಳೆಯನ್ನು ಅಂಟಿಸಿ, ಮೆಟ್ಟಿಲಿನ ಬೆನ್ನಿಗೆ ಮಾತ್ರ ಅಂಟು ತಾಗಬಾರದು. ಗೋಂದು ತೆಳುವಾಗಿರಲಿ. ಮಲೆನಾಡಿನ ಮಳೆಗಾಲದಲ್ಲಿ ಹಾಳೆ ಗಾಳಿಯ ತೇವವನ್ನು ಹೀರಿ ಮೆತ್ತಗಾಗಿರುತ್ತದೆ, ಹಸಿ ಗೋಂದು ಬಿದ್ದರೆ ಸೊಟ್ಟಗಾಗುತ್ತದೆ. ಅಂಟಿಸಿದ್ದನ್ನು ರಾತ್ರಿಯಿಡೀ ಭಾರದ ಕೆಳಗಿಟ್ಟು ಒಣಗಿಸಬೇಕು.

ಲಕೋಟೆಗೆ 19 ಸೆಂಟಿಮೀಟರಿನ ಚೌಕ ಸಾಕು. ಪತ್ರವನ್ನು ಅದರ ಮೇಲೆ ಓರೆಯಾಗಿ, ಪತ್ರದ ನಾಲ್ಕು ಬದಿಗಳೂ ಚೌಕದ ನಾಲ್ಕು ಮೂಲೆಗಳತ್ತ ಮುಖಮಾಡುವಂತೆ ನಡುವೆ ಇಟ್ಟು, ಎಡಬಲದ ಮೂಲೆಗಳನ್ನು ಮೊದಲು, ಆಮೇಲೆ ಕೆಳಗಿನದನ್ನು, ಕೊನೆಗೆ ಮೇಲಿನದನ್ನು ಮಡಚಬೇಕು. ಮಡಚುವಾಗ ಪತ್ರದ ಅಂಚಿನಿಂದ ಒಂದೆರಡು ಮಿಲಿಮೀಟರ್ ಸಡಿಲ ಬಿಡಿ. ದೀಪದ ಪತ್ರದ ಒಳಹಾಳೆ, ಹೊರಹಾಳೆ ಎರಡೂ 250 ಜಿಎಸ್ಎಂನವಾದರೆ ಲಕೋಟೆ ಸೇರಿ ತೂಕ 20 ಗ್ರಾಮಿನ ಅಂಚಿಗೆ ಬರುತ್ತದೆ, ಅದನ್ನು ದಾಟಿದರೆ ಅಂಚೆಚೀಟಿ ಹೆಚ್ಚು ಬೇಕು. ಒಳಹಾಳೆಯನ್ನು ಡ್ರಾಯಿಂಗ್ ಶೀಟಿನಿಂದ ಮಾಡಿದರೆ ಆ ಚಿಂತೆಯಿಲ್ಲ.

ಪುಸ್ತಕದ ಕೆಳಗಿಟ್ಟ ಹಾಳೆಯನ್ನು ಈಗ ತೆಗೆಯಿರಿ. ಅದನ್ನು ಇನ್ನೊಮ್ಮೆ ಅರ್ಧಕ್ಕೆ ಮಡಚಿ, ನಾಲ್ಕು ಮುಖಗಳಿಗೂ ಅಂಕಿ ಹಾಕಿ, ಮೂರನೆಯ ಮುಖದ ಮೇಲುಭಾಗದಲ್ಲಿ ನೀವು ಯಾರಿಗೆ ಕಳಿಸಬೇಕೆಂದಿದ್ದೀರೋ ಅವರ ಹೆಸರನ್ನು ಬರೆಯಿರಿ. ನಮಸ್ಕಾರ.