ಯಾವುದರ ಸ್ಪೇರ್ ಇದು?

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಸಾಮಾನು ತೋರಿಸುತ್ತೇನೆ. ಹಿಂದಿನ ಸಾಲಿನವರಿಗೆ ಕಾಣಲಿಕ್ಕಿಲ್ಲ, ಬಾಯಲ್ಲೇ ಹೇಳಿಬಿಡುತ್ತೇನೆ. ಇದೊಂದು ಪುಟ್ಟ ಪ್ಲಾಸ್ಟಿಕ್ ಪೊಟ್ಟಣ. ಒಳಗೆ ಡಾಂಬರಿನ ಥರ ಕಪ್ಪಗೆ ಏನೋ ಅಂಟಿಕೊಂಡಿದೆ. ಇದು ಒಂದು ಕಾಲದಲ್ಲಿ ಟೇಪ್ ರೆಕಾರ್ಡರಿನ ರಬ್ಬರ್ ಬೆಲ್ಟ್ ಆಗಿತ್ತು. ಹಳೆ ಬೆಲ್ಟ್ ಸಡಿಲವಾಗಿ ಹಾಡುಗಳೆಲ್ಲ ಆಕಳಿಸೋಕೆ ಶುರುಮಾಡಿದಾಗ ಮೂರು ಬೆಲ್ಟ್ ತಂದಿದ್ದೆ. ಒಂದನ್ನು ಹಾಕಿದೆ. ಎರಡನ್ನು ಜೋಪಾನವಾಗಿ ಎತ್ತಿಟ್ಟೆ. ಆಮೇಲೆ ಟೇಪ್ ರೆಕಾರ್ಡರ್ ಗುಜರಿಗೆ ಹೋಯಿತು. ಬೆಲ್ಟ್ ಹೋಗಲಿಲ್ಲ. ಮೂರು ಸಲ ಮನೆ ಬದಲಾಯಿಸಿದೆವು, ಮೂರು ಸಲವೂ ನಮ್ಮ ಜೊತೆ ಬಂತು. ಹೋದ ತಿಂಗಳು ಪೊಟ್ಟಣ ಬಿಚ್ಚಿ ನೋಡಿದೆ. ಬೆರಳಿಗೆ ಹತ್ತಿದ ಕಪ್ಪು ಎರಡು ದಿನ ತಿಕ್ಕಿದರೂ ಹೋಗಲಿಲ್ಲ.

ಬೇಡದ ಬಿಡಿಭಾಗ, ಹತ್ಯಾರುಗಳನ್ನು ಬಿಡುವುದು ಹೇಗೆ ಅಂತ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಕರೆದವರು ನನ್ನ ಕೋಣೆ ನೋಡಿಲ್ಲ ಅನ್ನಿಸುತ್ತದೆ. ನಾನು ಬಿಟ್ಟವನಲ್ಲ, ಬಿಡುತ್ತಾ ಇರುವವನು. ಹಾಗಾಗಿ ಉಪದೇಶ ಅಂತ ತಗೋಬೇಡಿ. ಒಬ್ಬ ರೋಗಿ ಇನ್ನೊಬ್ಬ ರೋಗಿಗೆ ಹೇಳಿದ ಹಾಗೆ ಕೇಳಿಸಿಕೊಳ್ಳಿ.

ಮೊದಲು ನಮ್ಮ ಪರವಾಗಿ ಎರಡು ಮಾತು. ಮನೆಯವರು ನಮ್ಮನ್ನು ಹುಚ್ಚರು ಅಂದುಕೊಂಡಿದ್ದಾರೆ. ಅಷ್ಟು ಹುಚ್ಚರೇನೂ ಅಲ್ಲ. ಒಂದು ಯಂತ್ರ ಕೆಟ್ಟಾಗ ಅದರ ಭಾಗ ಸಿಗುವುದು ನಿಜವಾಗಿಯೂ ಕಷ್ಟ. ಯುರೋಪಿನ ಒಕ್ಕೂಟ 2021ರಿಂದ ಒಂದು ನಿಯಮ ಜಾರಿಗೆ ತಂದಿದೆ. ಮಾದರಿಯ ಮಾರಾಟ ನಿಂತ ಮೇಲೂ ಫ್ರಿಜ್ಜಿನ ಮುಖ್ಯ ಭಾಗಗಳು ಕನಿಷ್ಠ 7 ವರ್ಷ, ಬಟ್ಟೆ ಒಗೆಯುವ ಯಂತ್ರದವು 10 ವರ್ಷ ಸಿಗುತ್ತಿರಬೇಕು ಅಂತ. ಕಾನೂನು ಮಾಡಿ ಹೇಳಬೇಕಾಯಿತು ಅಂದರೆ ಅದಕ್ಕೆ ಮುಂಚೆ ಪರಿಸ್ಥಿತಿ ಹೇಗಿತ್ತು ಅಂತ ಊಹಿಸಿಕೊಳ್ಳಿ.

ಇನ್ನೊಂದು ಕಥೆ ನನಗೆ ಬಹಳ ಇಷ್ಟ. 2002ರಲ್ಲಿ ನಾಸಾದವರು 8086 ಅನ್ನುವ ಹಳೆಯ ಕಂಪ್ಯೂಟರ್ ಚಿಪ್ ಹುಡುಕುತ್ತಿದ್ದರು. ಇಂಟೆಲ್ ಕಂಪನಿ 1978ರಲ್ಲಿ ತಂದ ಚಿಪ್ ಅದು. ಬಾಹ್ಯಾಕಾಶ ನೌಕೆಯ ಬೂಸ್ಟರ್ ರಾಕೆಟ್ಟುಗಳನ್ನು ಪರೀಕ್ಷಿಸುವ ನೆಲದ ಮೇಲಿನ ಉಪಕರಣದಲ್ಲಿ ಆ ಚಿಪ್ ಇತ್ತು. ಹೊಸದು ಎಲ್ಲೂ ಸಿಗದೆ ಇಂಟರ್‌ನೆಟ್ಟಿನ ಹರಾಜುಗಳಲ್ಲಿ ಹುಡುಕಿದರು. ಹಳೇ ವೈದ್ಯಕೀಯ ಉಪಕರಣಗಳನ್ನು ಕೊಂಡು ಅವುಗಳಿಂದ ಚಿಪ್ ಕಿತ್ತುಕೊಂಡರು. ರಾಕೆಟ್ ಹಾರಿಸುವವರೇ ಗುಜರಿ ಕೆದಕಿದ್ದಾರೆ! ಈ ಕಥೆಯನ್ನು ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಒಂದು ದಿನ ನನ್ನ ಹೆಂಡತಿ ಪೂರ್ತಿ ಕೇಳಿ, ಸಮಾಧಾನವಾಗಿ ಒಂದು ಪ್ರಶ್ನೆ ಕೇಳಿದಳು: “ಸರಿ ರೀ, ಅವರಿಗೆ ಅದು ಯಾವುದಕ್ಕೆ ಬೇಕು ಅಂತ ಗೊತ್ತಿತ್ತು. ನಿಮ್ಮ ಈ ಡಬ್ಬದಲ್ಲಿ ಇರೋದು ಯಾವುದಕ್ಕೆ?”

ನನಗೆ ಉತ್ತರ ಹೊಳೆಯಲಿಲ್ಲ. ಇವತ್ತು ನಾನು ಹೇಳಬೇಕು ಅಂತ ಬಂದಿರೋದೆಲ್ಲ ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ನೋಡಿ, ಒಂದು ಸಾಮಾನು ಕೈಗೆ ತಗೊಂಡಾಗ ನಾವು ಕೇಳಿಕೊಳ್ಳೋದು ಏನು? “ಇದು ಉಪಯೋಗಕ್ಕೆ ಬರುತ್ತಾ?” ಅಂತ. ಕೇಳಿದ ತಕ್ಷಣ ಸೋತೆವು. ಯಾಕಂದರೆ ಆ ಪ್ರಶ್ನೆಗೆ “ಇಲ್ಲ” ಅನ್ನುವ ಉತ್ತರವೇ ಇಲ್ಲ. ಕೈಯಲ್ಲಿ ಕೆಲಸ ಇರುವವನಿಗೆ ತುಂಡು ತಂತಿಯೂ ಉಪಯೋಗಕ್ಕೆ ಬರುತ್ತದೆ. ಮುರಿದ ಗರಗಸದ ಬ್ಲೇಡಿನಿಂದ ಒಂದು ಚಾಕು ಆಗುತ್ತದೆ. ನಮ್ಮ ಜಾಣತನವೇ ನಮಗೆ ಶತ್ರು. ಏನೂ ರಿಪೇರಿ ಬಾರದವನು ಆರಾಮಾಗಿ ಬಿಸಾಕುತ್ತಾನೆ. ಅವನಿಗೆ ಆ ತಂತಿಯಲ್ಲಿ ಏನೂ ಕಾಣುವುದಿಲ್ಲ. ನಮಗೆ ಹತ್ತು ಕಾಣುತ್ತದೆ.

ಸ್ಪೇರ್ ಅನ್ನೋ ಮಾತಿನಲ್ಲೇ ಒಂದು ಯಂತ್ರ ಇದೆ. ಸ್ಟೆಪ್ನಿ ಇದೆ ಅಂದರೆ ಕಾರು ಇದೆ. ಕಾರು ಮಾರಿದ ಮೇಲೂ ಸ್ಟೆಪ್ನಿ ಇಟ್ಟುಕೊಂಡರೆ ಅದು ಬರೀ ಒಂದು ಟೈರು, ಅಲ್ವಾ? ಚೆನ್ನಾಗಿ ನಡೆಯುವ ಕಾರ್ಖಾನೆಯ ಸ್ಟೋರಿನಲ್ಲಿ ಪ್ರತಿ ಬಿಡಿಭಾಗದ ಎದುರಿಗೆ ಅದು ಯಾವ ಯಂತ್ರದ್ದು ಅಂತ ಬರೆದಿರುತ್ತದೆ. ಯಂತ್ರ ಹೊರಗೆ ಹೋದರೆ ಅದರ ಭಾಗಗಳ ಪಟ್ಟಿಯೂ ಹೊರಗೆ ಹೋಗುವ ಸಾಲಿಗೆ ಸೇರುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಯಂತ್ರಗಳು ಹೋಗುತ್ತಲೇ ಇರುತ್ತವೆ, ಅವುಗಳ ಮಕ್ಕಳು ಮರಿಗಳು ನಮ್ಮ ಹತ್ತಿರವೇ ಉಳಿಯುತ್ತವೆ.

ಆದ್ದರಿಂದ ನಾನು ಪ್ರಶ್ನೆ ಬದಲಾಯಿಸಿದೆ. “ಬರುತ್ತಾ?” ಅನ್ನೋದು ಬಿಟ್ಟು “ಯಾವುದರದು?” ಅಂತ ಕೇಳೋಕೆ ಶುರುಮಾಡಿದೆ. ಮೊದಲ ಭಾನುವಾರ ಒಂದೇ ಒಂದು ಡ್ರಾಯರ್ ತೆಗೆದೆ. ಹನ್ನೊಂದು ಅಡಾಪ್ಟರ್ ಸಿಕ್ಕವು. ನಾಲ್ಕಕ್ಕೆ ಯಜಮಾನ ಇದ್ದ. ಉಳಿದ ಏಳು ಅನಾಥ. ಹಳೇ ಕಂಪ್ಯೂಟರಿನ ರ‍್ಯಾಮ್ (ಮೆಮೊರಿ) ಕಡ್ಡಿಗಳೂ ಇದ್ದವು. ಅವು ಒಂದು ಪೀಳಿಗೆಯದು ಇನ್ನೊಂದಕ್ಕೆ ಕೂರುವುದೇ ಇಲ್ಲ. ತಪ್ಪಿ ತುರುಕಬಾರದು ಅಂತ ಕೆಳಗಿನ ಸೀಳನ್ನೇ ಬೇರೆ ಕಡೆ ಇಟ್ಟಿರುತ್ತಾರೆ. ಅದು ಗೊತ್ತಿದ್ದೂ ಇಟ್ಟುಕೊಂಡಿದ್ದೆ. ಯಾಕೆ ಅಂತ ಕೇಳಬೇಡಿ.

ಯಾಕೆ ಅನ್ನೋದಕ್ಕೆ ಮನಶ್ಶಾಸ್ತ್ರ, ಅರ್ಥಶಾಸ್ತ್ರದ ಪಂಡಿತರು ಒಂದು ಉತ್ತರ ಕೊಟ್ಟಿದ್ದಾರೆ. ಡೇನಿಯಲ್ ಕಾನೆಮನ್, ಜಾಕ್ ನೆಟ್ಶ್, ರಿಚರ್ಡ್ ಥೇಲರ್ ಅಂತ ಮೂವರು 1990ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಮಗ್ ಕೊಟ್ಟರು. ಮಾರುವುದಾದರೆ ಎಷ್ಟಕ್ಕೆ ಅಂತ ಕೇಳಿದರು. ಮಗ್ ಇಲ್ಲದವರನ್ನು ಕೊಳ್ಳುವುದಾದರೆ ಎಷ್ಟು ಕೊಡುತ್ತೀರಿ ಅಂದರು. ಇರುವವರು ಕೇಳಿದ ಬೆಲೆ ಇಲ್ಲದವರು ಹೇಳಿದ ಬೆಲೆಯ ಸುಮಾರು ಎರಡು ಪಟ್ಟು. ಮಗ್ ಕೈಗೆ ಬಂದು ಎಷ್ಟೋ ಹೊತ್ತೂ ಆಗಿರಲಿಲ್ಲ! ಇನ್ನು ಇಪ್ಪತ್ತು ವರ್ಷ ಜೊತೆಗಿದ್ದ ಬೇರಿಂಗ್ ಕಥೆ ಏನು?

ಇದರಿಂದ ಒಂದು ಉಪಾಯ ಹೇಳುತ್ತಾರೆ. “ಇದು ನನ್ನ ಹತ್ತಿರ ಇಲ್ಲದಿದ್ದರೆ ಇವತ್ತು ಹೋಗಿ ಕೊಳ್ಳುತ್ತಿದ್ದೆನಾ?” ಅಂತ ಕೇಳಿಕೊಳ್ಳಿ, ಇಲ್ಲ ಅಂದರೆ ಬಿಡಿ ಅಂತ. ಬಟ್ಟೆಗೆ, ಪಾತ್ರೆಗೆ ಇದು ಸರಿ. ನಮ್ಮ ಸಾಮಾನಿಗೆ ಇದು ನಡೆಯಲ್ಲ. ಯಾಕಂದರೆ ಎಷ್ಟೋ ಭಾಗಗಳು ಈಗ ಕೊಳ್ಳೋಣ ಅಂದರೂ ಸಿಗುವುದಿಲ್ಲ. “ಸಿಗಲ್ವಲ್ಲ!” ಅನ್ನೋದೇ ಇಟ್ಟುಕೊಳ್ಳೋಕೆ ಹೊಸ ಕಾರಣ ಆಗುತ್ತದೆ. ನಾನು ಆ ಉಪಾಯ ಮಾಡಿ ನೋಡಿ, ಬಿಸಾಕೋಕೆ ಇಟ್ಟಿದ್ದನ್ನೂ ವಾಪಸ್ ಒಳಗೆ ತಂದೆ.

ನನ್ನ ಮನಸ್ಸು ಬದಲಾಯಿಸಿದ್ದು ಮನಶ್ಶಾಸ್ತ್ರ ಅಲ್ಲ, ಆ ಡಾಂಬರಾದ ಬೆಲ್ಟ್. ಡಬ್ಬದೊಳಗೆ ಇಟ್ಟರೆ ಕಾಲ ನಿಂತುಹೋಗುತ್ತದೆ ಅಂತ ನಾವು ನಂಬಿರುತ್ತೇವೆ. ನಿಲ್ಲುವುದಿಲ್ಲ. ರಬ್ಬರು ಗಾಳಿಗೆ, ಬಿಸಿಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಇಲ್ಲವೇ ಕರಗಿ ಅಂಟಾಗುತ್ತದೆ. ಓ-ರಿಂಗು, ವಾಷರು, ಪಂಪಿನ ಡಯಾಫ್ರಾಮು, ಎಲ್ಲಕ್ಕೂ ಇದೇ ಗತಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಅಂದರೆ ಸರ್ಕ್ಯೂಟಿನಲ್ಲಿ ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಪುಟ್ಟ ಭಾಗ, ನೋಡಲಿಕ್ಕೆ ಹೊಸದಾಗೇ ಇರುತ್ತದೆ. ಒಳಗೆ ಅಲ್ಯುಮಿನಿಯಂ ಹಾಳೆಯ ಮೇಲೆ ತೆಳ್ಳನೆಯ ಆಕ್ಸೈಡ್ ಪದರ ಇರುತ್ತದೆ. ವರ್ಷಗಟ್ಟಲೆ ಕರೆಂಟು ಕಾಣದಿದ್ದರೆ ಆ ಪದರ ದುರ್ಬಲವಾಗುತ್ತದೆ. ಜೊತೆಗೆ ಒಳಗಿನ ದ್ರವ ನಿಧಾನವಾಗಿ ಆರುತ್ತದೆ. ಅಂಥದ್ದಕ್ಕೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಸೋರಿಕೆ ಕರೆಂಟು ಹೆಚ್ಚಾಗಿ ಬಿಸಿಯಾಗಿ ಉಬ್ಬಬಹುದು. ಬಲ್ಲವರು ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಏರಿಸಿ ಆ ಪದರವನ್ನು ಮತ್ತೆ ಕಟ್ಟುತ್ತಾರೆ. ನಾನೂ ಮಾಡಿದ್ದೇನೆ. ಒಂದು ಕೆಪಾಸಿಟರಿಗೆ ಒಂದು ಮಧ್ಯಾಹ್ನ ಹೋಯಿತು. ಮುನ್ನೂರು ಕೆಪಾಸಿಟರ್ ಇದ್ದವು.

ಗ್ರೀಸು ಹಾಕಿದ ಬೇರಿಂಗಿನಲ್ಲಿ ಎಣ್ಣೆ ಬೇರೆಯಾಗಿ ಉಳಿದದ್ದು ಗಟ್ಟಿಯಾಗುತ್ತದೆ. ಲೆಡ್ ಆಸಿಡ್ ಬ್ಯಾಟರಿ ಸುಮ್ನೆ ಕೂತಲ್ಲೇ ಖಾಲಿಯಾಗಿ, ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಅಲ್ಕಲೈನ್ ಸೆಲ್ಲು ಸೋರಿ ಪಕ್ಕದಲ್ಲಿದ್ದ ಒಳ್ಳೆ ಮೀಟರನ್ನೂ ತಿಂದುಹಾಕುತ್ತದೆ. ಅಂಟು, ಸೀಲಂಟು, ಎಪಾಕ್ಸಿ ಬಗ್ಗೆ ಹೇಳೋದೇ ಬೇಡ, ಟ್ಯೂಬ್ ಒತ್ತಿದರೆ ಗೊತ್ತಾಗುತ್ತದೆ.

ಉಬ್ಬಿದ ಲಿಥಿಯಂ ಬ್ಯಾಟರಿ ಯಾರ ಮನೆಯಲ್ಲಾದರೂ ಇದ್ದರೆ, ದಯವಿಟ್ಟು ಅದನ್ನು ಚುಚ್ಚಬೇಡಿ, ಒತ್ತಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ತಂತಿ ಸೇರುವ ತುದಿಗಳಿಗೆ (ಟರ್ಮಿನಲ್) ಟೇಪ್ ಸುತ್ತಿ, ಬ್ಯಾಟರಿ ತಗೊಳ್ಳುವ ಕಡೆ ಕೊಡಿ. ಇದರಲ್ಲಿ ತಮಾಷೆ ಇಲ್ಲ.

ಹಾಗಾದರೆ ಕೆಡದೇ ಇರುವುದು ಯಾವುದು? ಹಿತ್ತಾಳೆ ಫಿಟಿಂಗು. ತಾಮ್ರದ ತಂತಿ. ಒಣಗಿದ ಜಾಗದಲ್ಲಿ ಎಣ್ಣೆ ಒರೆಸಿ ಇಟ್ಟ ಸ್ಪ್ಯಾನರು, ಉಳಿ, ಅರ. ಇವುಗಳಿಗೆ ಕಾಲ ಅಷ್ಟಾಗಿ ತಾಗುವುದಿಲ್ಲ. ವಿಚಿತ್ರ ಏನಂದರೆ ನನ್ನ ಹತ್ತಿರ ಇವು ಕಡಿಮೆ, ಆ ಕೆಡುವ ಜಾತಿಯೇ ಜಾಸ್ತಿ.

ನಟ್ಟು ಬೋಲ್ಟಿನ ಡಬ್ಬದ ಬಗ್ಗೆ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು. ಎಲ್ಲರ ಮನೆಯಲ್ಲೂ ಇದೆ, ಕೈ ಎತ್ತಬೇಡಿ, ನನಗೆ ಗೊತ್ತು. ಬೋಲ್ಟಿನ ಮೈಮೇಲೆ ಸುತ್ತಿಕೊಂಡು ಹೋಗುವ ಮರೆಯ (ಥ್ರೆಡ್) ಅಳತೆಗೆ ಒಂದು ನಿಯಮ ಇರಲಿ ಅಂತ ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್ವರ್ತ್ 1841ರಲ್ಲೇ ಹೇಳಿದ್ದ. ಆಮೇಲೆ ಬೇರೆಯವರು ಬೇರೆ ನಿಯಮ ತಂದರು. ಈಗ ನಮ್ಮ ಡಬ್ಬದಲ್ಲಿ ಎಲ್ಲವೂ ಇವೆ. ಎಂ8 ಬೋಲ್ಟಿನ ದಪ್ಪ 8 ಮಿಲಿಮೀಟರ್. 5/16 ಇಂಚಿನದು 7.94. ಕಣ್ಣಿಗೆ ಎರಡೂ ಒಂದೇ. ಆದರೆ ಒಂದು ಸುತ್ತು ತಿರುಗಿಸಿದರೆ ಸಾಮಾನ್ಯವಾಗಿ ಮೊದಲನೆಯದು 1.25 ಮಿಲಿಮೀಟರ್ ಒಳಗೆ ಹೋಗುತ್ತದೆ, ಎರಡನೆಯದು ಸುಮಾರು 1.41. ಎರಡು ಸುತ್ತು ಖುಷಿಯಾಗಿ ಹೋಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ನಾವು ಸ್ವಲ್ಪ ಜೋರು ಮಾಡುತ್ತೇವೆ. ಬೋಲ್ಟಿನ ಜೊತೆ ಒಳ್ಳೆ ನಟ್ಟೂ ಹಾಳು. ಗುಡ್ಡ ಅಗೆದು ಇಲಿ ಹಿಡಿದರು ಅಂತಾರಲ್ಲ, ಇಲ್ಲಿ ಅರ್ಧ ಗಂಟೆ ಅಗೆದ ಮೇಲೆ ಸಿಗುವ ಇಲಿಯೂ ಕಚ್ಚುತ್ತದೆ.

ಇದೇ ಡಬ್ಬ ಇನ್ನೊಂದು ಮೋಸ ಮಾಡುತ್ತದೆ. ಬೇಕಾದದ್ದು ಒಳಗೆ ಇದೆ ಅಂತ ಗೊತ್ತು, ಸಿಗುವುದಿಲ್ಲ, ಹೊಸದು ತರುತ್ತೇವೆ. ಉಳಿದ ಮೂರನ್ನು ಅದೇ ಡಬ್ಬಕ್ಕೆ ಹಾಕುತ್ತೇವೆ. ನನ್ನ ಹತ್ತಿರ ಒಂದೇ ಅಳತೆಯ ಹೋಸ್ ಕ್ಲಿಪ್ಪು ಇಪ್ಪತ್ತಾರು ಇದ್ದವು. ಬೋಲ್ಟ್ ತಿರುಗಿಸುವ 10 ಮಿಲಿಮೀಟರ್ ಸಾಕೆಟ್ ಮಾತ್ರ ಒಂದೂ ಇರಲಿಲ್ಲ. ಅದು ಎಲ್ಲರ ಹತ್ತಿರವೂ ಕಳೆದೇ ಹೋಗಿರುತ್ತದೆ ಬಿಡಿ.

ಹಾಗಂತ ಎಲ್ಲವೂ ನಗುವ ವಿಷಯ ಅಲ್ಲ. ನ್ಯೂಯಾರ್ಕಿನಲ್ಲಿ ಹೋಮರ್, ಲ್ಯಾಂಗ್ಲಿ ಕಾಲಿಯರ್ ಅಂತ ಅಣ್ಣತಮ್ಮ ಇದ್ದರು. ಲ್ಯಾಂಗ್ಲಿ ಎಂಜಿನಿಯರಿಂಗ್ ಓದಿದವನು. ಮನೆ ತುಂಬ ಪಿಯಾನೋ, ಯಂತ್ರದ ಭಾಗ, ಫೋರ್ಡ್ ಕಂಪನಿಯ ಹಳೇ ಮಾಡೆಲ್ ಟಿ ಕಾರಿನ ಚಾಸಿ ಕೂಡ. ಅಣ್ಣನಿಗೆ ಕಣ್ಣು ಹೋಗಿತ್ತು. ದೃಷ್ಟಿ ಬಂದಾಗ ಓದಲಿ ಅಂತ ತಮ್ಮ ವರ್ಷಗಟ್ಟಲೆ ಪತ್ರಿಕೆ ಕೂಡಿಟ್ಟಿದ್ದ. 1947ರಲ್ಲಿ ಇಬ್ಬರೂ ಆ ಮನೆಯಲ್ಲೇ ಸತ್ತರು. ತಮ್ಮ ಸತ್ತದ್ದು ಸಾಮಾನಿನ ರಾಶಿ ಮೈಮೇಲೆ ಬಿದ್ದು. ತೆಗೆದ ಸಾಮಾನು 100 ಟನ್ನಿಗೂ ಜಾಸ್ತಿ. ಆ ಪತ್ರಿಕೆಗಳ ವಿಷಯ ನೆನೆದರೆ ನನಗೆ ಗಂಟಲು ಕಟ್ಟುತ್ತದೆ. ಹೀಗೆ ಬಿಡಲಾರದೆ ಕೂಡಿಡುವುದು 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಬೇರೆಯದೇ ಕಾಯಿಲೆ ಅಂತ ಸೇರಿದೆ. ನಿಮ್ಮ ಮನೆಯಲ್ಲಿ ಯಾರಾದರೂ ಮಲಗುವ ಮಂಚವನ್ನೇ ಬಿಟ್ಟುಕೊಟ್ಟು ಸಾಮಾನು ಇಡುತ್ತಿದ್ದರೆ ಬೈದು ಪ್ರಯೋಜನ ಇಲ್ಲ. ಅವರಿಲ್ಲದಾಗ ಎತ್ತಿ ಬಿಸಾಕಬೇಡಿ. ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ನಮ್ಮಂಥವರ ಮಾತಿಗೆ ಬರುತ್ತೇನೆ. ನನ್ನ ಚಿಕ್ಕಪ್ಪ ಒಬ್ಬರು ರೇಡಿಯೋ ರಿಪೇರಿ ಮಾಡುತ್ತಿದ್ದರು. ನನಗೆ ಬೆಸುಗೆ ಹಾಕಲು ಕಲಿಸಿದವರು ಅವರೇ. ಅವರು ಹೋದ ಮೇಲೆ ನಾಲ್ಕು ಟ್ರಂಕು ನನ್ನ ಪಾಲಿಗೆ ಬಂತು. ಪ್ರತಿ ಪೊಟ್ಟಣದ ಮೇಲೂ ಅವರ ಕೈಬರಹ. “ಇಂಥ ಸೆಟ್ಟಿನ ಟ್ಯೂನಿಂಗ್ ಹಗ್ಗ.” “ಚೆನ್ನಾಗಿದೆ.” “ಕೆಟ್ಟಿದೆ, ನೋಡಬೇಕು.” ಸೆಟ್ಟಿನ ಹೆಸರು ಬರೆದಿದ್ದ ಪೊಟ್ಟಣಗಳನ್ನು ಒಂದೇ ವಾರದಲ್ಲಿ ವಿಲೇವಾರಿ ಮಾಡಿದೆ. ಹಳೇ ರೇಡಿಯೋ ಇಟ್ಟುಕೊಂಡವರು ಹುಡುಕಿಕೊಂಡು ಬಂದು ಒಯ್ದರು. ಒಬ್ಬರು ಆ ಟ್ಯೂನಿಂಗ್ ಹಗ್ಗ ಹಾಕಿ, ಸ್ಟೇಷನ್ ತೋರಿಸುವ ಮುಳ್ಳು ಓಡುವುದನ್ನು ವಿಡಿಯೋ ಮಾಡಿ ಕಳಿಸಿದರು. ಹೆಸರಿಲ್ಲದ ಪೊಟ್ಟಣಗಳಿಗೆ ಎಂಟು ತಿಂಗಳು ಹಿಡಿಯಿತು. ಟ್ರಂಕಿನ ತಳದಲ್ಲಿ ಒಂದು ಸಿಕ್ಕಿತು. ಅದರ ಮೇಲೆ ಬರೆದಿತ್ತು: “ಯಾವುದರದೋ ಗೊತ್ತಿಲ್ಲ. ಇರಲಿ.”

ಅವರ ಹತ್ಯಾರಿನ ವಿಷಯ ಬೇರೆ. ಭಾಗಕ್ಕೆ ಯಂತ್ರ ಬೇಕು, ಹತ್ಯಾರಿಗೆ ಕೈ ಬೇಕು. ಅವರ ಕೈ ಡ್ರಿಲ್ ನನ್ನ ಹತ್ತಿರ ಆರು ವರ್ಷ ಗೋಡೆಗೆ ನೇತಾಡಿತು. ನಾನು ಒಂದು ತೂತೂ ಕೊರೆಯಲಿಲ್ಲ. ಎಣ್ಣೆ ಒರೆಸುತ್ತಿದ್ದೆ, ಅಷ್ಟೇ. ಅಮೆರಿಕದ ಬರ್ಕ್ಲಿಯಲ್ಲಿ 1979ರಿಂದ ಪುಸ್ತಕದ ಥರ ಹತ್ಯಾರು ಎರವಲು ಕೊಡುವ ಗ್ರಂಥಾಲಯ ಇದೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟಿನ್ ಪೋಸ್ಟ್‌ಮಾ ಅನ್ನುವವರು 2009ರಲ್ಲಿ ರಿಪೇರಿ ಕೆಫೆ ಅಂತ ಶುರುಮಾಡಿದರು. ಕೆಟ್ಟದ್ದನ್ನು ತಂದು ಬಲ್ಲವರ ಜೊತೆ ಕೂತು ಸರಿಮಾಡಿಕೊಳ್ಳುವುದು. ಇವುಗಳ ಬಗ್ಗೆ ಓದಿದ ಮೇಲೆ ಗೋಡೆ ನೋಡೋಕೆ ನಾಚಿಕೆ ಆಗುತ್ತಿತ್ತು. ಆ ಡ್ರಿಲ್ ಈಗ ಮರಗೆಲಸ ಕಲಿಯುತ್ತಿರುವ ಹುಡುಗಿಯೊಬ್ಬಳ ಹತ್ತಿರ ಇದೆ. ಹಿಡಿ ಸಡಿಲ ಇದೆ ಅಂತ ಬಿಚ್ಚಿ ಬೇರೆ ಹಾಕಿದ್ದಾಳೆ. ಚಿಕ್ಕಪ್ಪನ ಕೈ ಸವೆಸಿದ ಹಿಡಿ ಅದು. ನನಗೆ ಸಂಕಟವಾಯಿತು, ಸುಳ್ಳು ಹೇಳಲ್ಲ. ಹಳೇ ಹಿಡಿ ಕೇಳಿ ಇಸ್ಕೊಂಡು ಬಂದೆ. ಹೌದು, ನಗಿ ನಗಿ.

ಹೊರಗಿನ ಮೇಜಿನ ಮೇಲೆ ಮೂರು ಡಬ್ಬ ಇಟ್ಟಿದ್ದೇನೆ. ಯಾರು ಬೇಕಾದರೂ ತಗೊಂಡು ಹೋಗಬಹುದು, ಕಾಸು ಬೇಡ. ಒಂದೇ ಷರತ್ತು. ಕೈ ಹಾಕುವ ಮುಂಚೆ ಅದು ನಿಮ್ಮ ಮನೆಯ ಯಾವ ಯಂತ್ರಕ್ಕೆ ಅಂತ ನನಗೆ ಹೇಳಬೇಕು. “ಇರಲಿ” ಅಂದವರಿಗೆ ಕೊಡಲ್ಲ. ಹಸಿರು ಮುಚ್ಚಳದ ನಾಲ್ಕನೇ ಡಬ್ಬ ಒಂದು ಕುರ್ಚಿ ಕೆಳಗಿದೆ. ಅದು ಕೊಡೋಕೆ ತಂದದ್ದಲ್ಲ, ಗಡಿಬಿಡಿಯಲ್ಲಿ ಬಂದುಬಿಟ್ಟಿದೆ. ಅದನ್ನು ದಯವಿಟ್ಟು ಯಾರೂ ಮುಟ್ಟಬೇಡಿ.