ರೇಟಿನ ಪಕ್ಕ ತಾರೀಕು ಇದೆಯಾ?

ನಮಸ್ಕಾರ.

ಎಲೆಕ್ಟ್ರಿಕಲ್ ಎಸ್ಟಿಮೇಟ್ ಹಾಕುವವರಿಗೆ ಒಂದು ಖುಷಿಯ ಗಳಿಗೆ ಇರುತ್ತದೆ. ಡ್ರಾಯಿಂಗ್ ನೋಡಿ ಪಾಯಿಂಟ್ ಎಣಿಸಿ, ವೈರಿನ ಉದ್ದ ಅಳೆದು, ಎಲ್ಲವನ್ನೂ ಸಾಫ್ಟ್‌ವೇರ್‌ಗೆ ತುಂಬಿ, ಕೊನೆಗೆ ಗುಂಡಿ ಒತ್ತುತ್ತೀರಿ. ಮೊತ್ತ ಬರುತ್ತದೆ, ದಶಾಂಶ ಸಮೇತ. ಅಷ್ಟು ಅಚ್ಚುಕಟ್ಟಾಗಿ ಕಂಡರೆ ಯಾರಿಗಾದರೂ ನಂಬಿಕೆ ಬಂದುಬಿಡುತ್ತದೆ, ಅಲ್ವಾ? ಆದರೆ ಪಾಪ, ಅದಕ್ಕೆ ಗೊತ್ತಿರುವುದು ಕೂಡೋದು, ಗುಣಿಸೋದು ಅಷ್ಟೇ. ಒಳಗಿರುವ ರೇಟು ಹೋದ ವಾರದ್ದೋ, ಮೂರು ವರ್ಷ ಹಳೆಯದೋ, ಅದು ತಾನಾಗಿ ಕೇಳುವುದಿಲ್ಲ.

ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಡೀಲರ್ ಒಂದು ರೇಟ್ ಪಟ್ಟಿ ಕಳಿಸಿದ್ದರು. ಅದರಲ್ಲಿ ಪೈಪ್ ಹಿಡಿಸುವ ಸ್ಯಾಡಲ್‌ಗೆ ನೂರರ ಪ್ಯಾಕೆಟ್ಟಿನ ರೇಟಿತ್ತು. ನಮ್ಮ ಸಾಫ್ಟ್‌ವೇರಿನಲ್ಲಿ ಸ್ಯಾಡಲ್ ಇದ್ದದ್ದು ಒಂದೊಂದರ ಲೆಕ್ಕದಲ್ಲಿ. ನಾನು ಸುಮ್ನೆ ಹಾಗೇ ತುಂಬಿಬಿಟ್ಟೆ. ನೋಡಿದರೆ ಸ್ಯಾಡಲ್‌ಗಳ ಖರ್ಚು ಮೇನ್ ಪ್ಯಾನಲನ್ನೇ ಮೀರಿಸಿ ಕೂತಿದೆ! ಗಾಬರಿಯಲ್ಲಿ ಇಡೀ ಪಟ್ಟಿಯನ್ನು ನೂರರಿಂದ ಭಾಗಿಸಿದೆ. ಆದರೆ ಅದೇ ಪಟ್ಟಿಯಲ್ಲಿದ್ದ ಜಂಕ್ಷನ್ ಬಾಕ್ಸ್‌ಗೆ ಮೊದಲಿಂದಲೂ ಒಂದರ ರೇಟೇ ಇತ್ತು. ಅದು ನೂರರಲ್ಲೊಂದು ಪಾಲಿಗೆ ಇಳಿದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಕೆಲಸ ನಮಗೇ ಸಿಕ್ಕಿತು. ಅದು ಯಾಕೆ ಸಿಕ್ಕಿತು ಅಂತ ಬಾಕ್ಸ್ ಖರೀದಿಗೆ ಹೋದ ದಿನ ಗೊತ್ತಾಯಿತು.

ಅವತ್ತಿಂದ ರೇಟಿಗಿಂತ ಮೊದಲು ನಾನು ನೋಡುವುದು ಯೂನಿಟ್. ಒಂದಕ್ಕಾ, ನೂರಕ್ಕಾ, ಮೀಟರ್‌ಗಾ, ಕಾಯಿಲ್‌ಗಾ? ಕಾಯಿಲ್ ಆದರೆ ಅದರಲ್ಲಿ ಎಷ್ಟು ಮೀಟರ್ ಇದೆ? ನೆಟ್‌ವರ್ಕ್ ಕೇಬಲ್ಲಿನ ಬಾಕ್ಸ್ ಸಾಮಾನ್ಯವಾಗಿ 305 ಮೀಟರ್ ಇರುತ್ತದೆ, ಅಂದರೆ ಸಾವಿರ ಅಡಿ. ಅದನ್ನು ನೂರು ಅಂದುಕೊಂಡು ಭಾಗಿಸಿದರೆ ಮುಗಿಯಿತು.

ಇನ್ನು ತಾಮ್ರದ ಕಥೆ. 2.5 ಚದರ ಮಿಲಿಮೀಟರ್ ವೈರು, ನೂರು ಮೀಟರ್ ತಗೊಳ್ಳಿ. ಒಳಗಿನ ತಾಮ್ರ 250 ಘನ ಸೆಂಟಿಮೀಟರ್. ಒಂದು ಘನ ಸೆಂಟಿಮೀಟರ್ ತಾಮ್ರ ಸುಮಾರು ಒಂಬತ್ತು ಗ್ರಾಂ ತೂಗುತ್ತದೆ. ಅಂದರೆ ಆ ನೂರು ಮೀಟರಿನಲ್ಲಿ ಸುಮಾರು ಎರಡೂಕಾಲು ಕಿಲೋ ತಾಮ್ರ. ವೈರು ಕೊಳ್ಳುವಾಗ ನಾವು ಮುಖ್ಯವಾಗಿ ಕೊಳ್ಳುತ್ತಿರುವುದು ಈ ಲೋಹವನ್ನು. ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ 2020ರ ಮಾರ್ಚ್‌ನಲ್ಲಿ ತಾಮ್ರ ಟನ್ನಿಗೆ 5,000 ಡಾಲರ್‌ಗಿಂತ ಕೆಳಗೆ ಬಿದ್ದಿತ್ತು. 2021ರ ಮೇ ತಿಂಗಳಲ್ಲಿ 10,000 ದಾಟಿತು. ಹದಿನಾಲ್ಕು ತಿಂಗಳಲ್ಲಿ ದುಪ್ಪಟ್ಟು! ಆ ನಡುವೆ ವರ್ಷಕ್ಕೊಮ್ಮೆ ಮಾತ್ರ ರೇಟು ತಿದ್ದುತ್ತಿದ್ದವರ ಪಾಡು ಏನಾಗಿರಬೇಕು, ನೀವೇ ಯೋಚಿಸಿ.

ಹಾಗಂತ ಹತ್ತು ಸಾವಿರ ಐಟಂಗಳನ್ನು ದಿನಾ ತಿದ್ದುತ್ತಾ ಕೂರೋಕಾಗುತ್ತಾ? ಬೇಕಾಗೂ ಇಲ್ಲ. ಹಳೆಯ ಒಂದು ಎಸ್ಟಿಮೇಟ್ ತೆಗೆದು, ಮೊತ್ತದ ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ವೈರು, ಕೇಬಲ್, ಪ್ಯಾನಲ್, ಲೈಟು ಮೇಲೆ ಬಂದು ನಿಲ್ಲುತ್ತವೆ. ವೈರು, ಕೇಬಲ್‌ಗೆ ಪ್ರತಿ ಸಲ ಹೊಸ ರೇಟು ಕೇಳಿ. ಪ್ಯಾನಲ್, ಲೈಟಿಗೆ ಸಾಫ್ಟ್‌ವೇರಿನ ರೇಟನ್ನು ನಂಬಲೇಬೇಡಿ, ಆ ಕೆಲಸಕ್ಕೆಂದೇ ಕೊಟೇಶನ್ ತರಿಸಿ. ಆ ಕೊಟೇಶನ್ ಎಷ್ಟು ದಿನ ನಡೆಯುತ್ತದೆ ಅನ್ನೋದನ್ನೂ ಬರೆದಿಟ್ಟುಕೊಳ್ಳಿ. ಸ್ಕ್ರೂ, ಟೇಪು ಆರು ತಿಂಗಳಿಗೊಮ್ಮೆ ನೋಡಿದರೆ ಸಾಕು.

ಡೀಲರ್ ಕೊಟ್ಟ ಫೈಲನ್ನು ನೇರ ಒಳಗೆ ಹಾಕುವವರಿಗೆ ಒಂದೆರಡು ಮಾತು. ಐಟಂ ಕೋಡ್ ಸೊನ್ನೆಯಿಂದ ಶುರುವಾಗಿದ್ದರೆ, ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಂಡು ಆ ಮೊದಲ ಸೊನ್ನೆಯನ್ನು ನುಂಗಿಬಿಡುತ್ತದೆ. ಆಗ ಕೋಡ್ ತಾಳೆಯಾಗುವುದಿಲ್ಲ. ಹಳೆ ರೇಟು ಸದ್ದಿಲ್ಲದೆ ಹಾಗೇ ಉಳಿಯುತ್ತದೆ. ಹಾಗಾಗಿ ಎಷ್ಟು ಐಟಂ ಬದಲಾಯಿತು ಅಂತ ನೋಡಿ ಖುಷಿಪಡುವ ಮೊದಲು, ಯಾವುದು ಬದಲಾಗಲಿಲ್ಲ ಅಂತ ನೋಡಿ. ಇನ್ನೊಂದು, ಡಿಸ್ಕೌಂಟ್. ಫೈಲಿನಲ್ಲಿರುವುದು ಡಿಸ್ಕೌಂಟ್ ಕಳೆದ ರೇಟಾಗಿದ್ದು, ಸಾಫ್ಟ್‌ವೇರ್ ಮತ್ತೊಮ್ಮೆ ಕಳೆದರೆ? ಟೆಂಡರ್ ಖಂಡಿತ ನಿಮಗೇ ಸಿಗುತ್ತದೆ, ನಷ್ಟವೂ ನಿಮ್ಮದೇ.

ಒಪ್ಪಿಕೊಂಡ ಕೆಲಸದ ರೇಟುಗಳನ್ನು ಮಾತ್ರ ಲಾಕ್ ಮಾಡಿ ಇಡಿ. ಮಾಸ್ಟರ್ ಪಟ್ಟಿ ತಿದ್ದಿದಾಗ ಹಳೆ ಕೆಲಸದ ಮೊತ್ತವೂ ಬದಲಾದರೆ, ಅವತ್ತು ಯಾವ ಲೆಕ್ಕದಲ್ಲಿ ಒಪ್ಪಿದ್ದೆವು ಅನ್ನೋದೇ ಅಳಿಸಿಹೋಗುತ್ತದೆ.

ಈಗ ನನಗೊಂದು ಅಭ್ಯಾಸ. ಎಸ್ಟಿಮೇಟ್ ಕಳಿಸುವ ಮೊದಲು ರೇಟಿನ ತಾರೀಕಿನ ಪ್ರಕಾರ ಜೋಡಿಸುತ್ತೇನೆ, ಹಳೆಯದು ಮೇಲೆ. ಮೊನ್ನೆ ಹಾಗೆ ನೋಡಿದಾಗ ಎಲ್ಲಕ್ಕಿಂತ ಮೇಲೆ ಕೂತಿದ್ದದ್ದು ಅದೇ ಜಂಕ್ಷನ್ ಬಾಕ್ಸ್. ಪೆಟ್ಟು ತಿಂದ ಮೇಲೆ ಸರಿಮಾಡಿದ್ದೆನಲ್ಲ, ಆಮೇಲೆ ಅದನ್ನು ಮುಟ್ಟೇ ಇರಲಿಲ್ಲ.

ನಮಸ್ಕಾರ.